ಹಾಸ್ಯಕ್ಕೆ ಕಡಿವಾಣ ಯಾರದು?

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ದೀಪ ಹತ್ತುವ ವೇಳೆಗೆ ತಿಂಡಿಯ ಗಾಡಿಗಳು ಸಾಲುಗಟ್ಟುತ್ತವೆ. ಅಷ್ಟರೊಳಗೆ ಅನಸ್ತಮಿತ ವ್ರತವುಳ್ಳ ಶ್ರಾವಕರ ಮನೆಗಳಲ್ಲಿ ಊಟ ಮುಗಿದಿರುತ್ತದೆ. ಆ ಹಾದಿಯಲ್ಲಿ ಬರುವ ನಮ್ಮ ಹುಡುಗರಿಗೆ ಗೆಳೆಯರ ಚೇಷ್ಟೆ ಹೊಸದಲ್ಲ: “ಸೂರ್ಯ ಮುಳುಗಿದ್ರ ನಿಮ್ಮ ಹೊಟ್ಟೀಗೂ ಬೀಗ ಬೀಳತೈತೇನೋ?” ಇದಕ್ಕೆ ನಕ್ಕು ಮುಂದೆ ಸಾಗಬಹುದು. ಆದರೆ ನಿರ್ಗ್ರಂಥ ಮುನಿಗಳ ದಿಗಂಬರತ್ವವೇ ನಗೆಯ ವಸ್ತುವಾದರೆ? ಆಗಲೂ ನಗಿಸುವವನಿಗೆ ಸ್ವಾತಂತ್ರ್ಯವಿರಬೇಕೆ?

ಇದು ಬರಿಯ ಕಲ್ಪನೆಯ ಪ್ರಶ್ನೆಯಲ್ಲ. 2016ರ ಆಗಸ್ಟ್ 26ರಂದು ಮುನಿಶ್ರೀ ತರುಣಸಾಗರ ಮಹಾರಾಜರು ಹರಿಯಾಣದ ವಿಧಾನಸಭೆಯಲ್ಲಿ ಪ್ರವಚನ ಮಾಡಿದರು. ಸಂಗೀತ ನಿರ್ದೇಶಕ ವಿಶಾಲ್ ದದ್ಲಾನಿ ಅದನ್ನು ಲೇವಡಿ ಮಾಡಿದರು. ಸಮಾಜ ನೊಂದಿತು; ಪೊಲೀಸರಲ್ಲಿ ದೂರು ದಾಖಲಾಯಿತು. ದದ್ಲಾನಿ ಕ್ಷಮೆ ಬೇಡಿದರು, ಮುನಿಗಳು ಕ್ಷಮಿಸಿದರು. 2018ರಲ್ಲಿ ಮುನಿಗಳು ದೇಹತ್ಯಾಗ ಮಾಡಿದರು. ಆದರೂ ಮೊಕದ್ದಮೆ ನಿಲ್ಲಲಿಲ್ಲ. 2019ರಲ್ಲಿ ಪಂಜಾಬ್ ಮತ್ತು ಹರಿಯಾಣ ಉಚ್ಚ ನ್ಯಾಯಾಲಯವು ಪ್ರಕರಣವನ್ನು ರದ್ದುಪಡಿಸಿಯೂ ದದ್ಲಾನಿ ಮತ್ತು ಇನ್ನೊಬ್ಬರ ಮೇಲೆ ತಲಾ 10 ಲಕ್ಷ ರೂಪಾಯಿ ಹೊರಿಸಿತು. 2025ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನೂ ತೆಗೆದುಹಾಕಿತು. ನ್ಯಾಯಾಲಯಗಳ ಮಾತು ಮುಗಿಯಲು ಎಂಟು ವರ್ಷ ಮೀರಿತು. ಮುನಿಗಳ ಕ್ಷಮೆಗೆ ಅಷ್ಟು ಕಾಲ ಬೇಕಾಗಲಿಲ್ಲ.

ನಮ್ಮ ನಾಡಿನಲ್ಲಿಯೂ ಇಂಥ ಪ್ರಸಂಗಗಳು ನಡೆದಿವೆ. 2021ರ ನವೆಂಬರ್ 28ರಂದು ಬೆಂಗಳೂರಿನಲ್ಲಿ ನಡೆಯಬೇಕಾಗಿದ್ದ ಮುನಾವರ್ ಫಾರೂಕಿಯವರ ಹಾಸ್ಯ ಕಾರ್ಯಕ್ರಮವು ಶಾಂತಿಭಂಗವಾದೀತೆಂದು ಪೊಲೀಸರು ಸೂಚಿಸಿದ್ದರಿಂದ ರದ್ದಾಯಿತು. ಆ ವೇದಿಕೆಯ ಮೇಲೆ ಆಡದ ಮಾತಿಗೇ ತಡೆ ಬಿದ್ದಿತು.

ಹಾಸ್ಯದ ವಿಷಯದಲ್ಲಿ ನಮ್ಮ ಶಾಸ್ತ್ರ ಬಹಳ ಎಚ್ಚರದಿಂದಿದೆ. ಒಂಬತ್ತು ನೋಕಷಾಯಗಳಲ್ಲಿ ಹಾಸ್ಯವೇ ಮೊದಲನೆಯದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯವ್ರತದ ಐದು ಭಾವನೆಗಳಲ್ಲಿ ಹಾಸ್ಯತ್ಯಾಗವನ್ನೂ, ಅನರ್ಥದಂಡವ್ರತದ ಐದು ಅತಿಚಾರಗಳಲ್ಲಿ ಕಂದರ್ಪ ಮತ್ತು ಕೌತ್ಕುಚ್ಯಗಳನ್ನೂ, ಅಂದರೆ ಅಶ್ಲೀಲ ಪರಿಹಾಸವನ್ನೂ ಅದರೊಡನೆ ಕೂಡಿದ ಕುಚೇಷ್ಟೆಯನ್ನೂ, ಎಣಿಸಿದೆ. ಹಾಗಾದರೆ ಹಾಸ್ಯಗಾರನ ಬಾಯಿ ಮುಚ್ಚಿಸುವುದು ಧರ್ಮವೇ ಎಂದು ಕೆಲವರು ಕೇಳಬಹುದು.

ಇಲ್ಲಿಯೇ ವಿವೇಕ ಬೇಕು. ವ್ರತವು ಅದನ್ನು ಕೈಗೊಂಡವನಿಗೆ ಮಾತ್ರ ಸಲ್ಲುವುದು. ಒಬ್ಬನ ಮುಂದಿನ ತಟ್ಟೆಯನ್ನು ಕಸಿದುಕೊಂಡರೆ ಅವನಿಗೆ ಹಸಿವಾದೀತೇ ಹೊರತು ಉಪವಾಸದ ಫಲ ಬಾರದು. ಬೆದರಿಕೆಯಿಂದ ನಾಲಿಗೆಯನ್ನು ಕಟ್ಟಿದರೆ ಅದು ಮೌನವ್ರತವಾಗದು.

ಇನ್ನೊಂದು ಸಂಗತಿಯನ್ನು ನಾವು ಮರೆಯಬಾರದು. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಯಂತೆ ಅಪರಾಧವೆಂದು ಪರಿಗಣಿಸಿತು. ಅದೇ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ಆ ದಿನಗಳಲ್ಲಿ ನಾವು ಬೇಡಿದ್ದೇನು? ಬೇರೆಯವರಿಗೆ ಅರ್ಥವಾಗದಿದ್ದರೂ, ರುಚಿಸದಿದ್ದರೂ, ನಮ್ಮ ವ್ರತಕ್ಕೆ ಕಾನೂನು ಅಡ್ಡಬರಬಾರದೆಂದಲ್ಲವೆ? ನಮಗಾಗಿ ಬೇಡಿದ ಸ್ವಾತಂತ್ರ್ಯವನ್ನು, ನಮಗೆ ರುಚಿಸದ ಮಾತಾಡುವವನಿಗೆ ಯಾವ ಮುಖದಿಂದ ನಿರಾಕರಿಸೋಣ?

ಮಾಸ್ಟರ್ ಹಿರಣ್ಣಯ್ಯನವರು ತಮ್ಮ ‘ಲಂಚಾವತಾರ’ ನಾಟಕದಿಂದ ಲಂಚಕೋರರನ್ನು ನಾಡಿನ ಮುಂದೆ ನಗೆಗೀಡು ಮಾಡಿದರು. ನೊಂದೆನೆಂದವರೆಲ್ಲ ನಗೆಯನ್ನು ನಿಲ್ಲಿಸಬಹುದಾದರೆ, ಆ ಲಂಚಕೋರನಿಗೂ ಅದೇ ಹಕ್ಕು ಬರುತ್ತದೆ.

ಆದಾಗ್ಯೂ ಸ್ವಾತಂತ್ರ್ಯಕ್ಕೆ ಎಲ್ಲೆಯಿಲ್ಲವೆಂದಲ್ಲ. ಜನರನ್ನು ಹಿಂಸೆಗೆ ಪ್ರಚೋದಿಸುವ ಮಾತು ಹಾಸ್ಯವಲ್ಲ. ಭಾರತೀಯ ನ್ಯಾಯ ಸಂಹಿತೆಯ 299ನೆಯ ಕಲಮು ಕೂಡ, ಬುದ್ಧಿಪೂರ್ವಕವಾಗಿ ದುರುದ್ದೇಶದಿಂದ ಮಾಡಿದ ಧರ್ಮನಿಂದೆಯನ್ನೇ ದಂಡಿಸುತ್ತದೆ, ಅರಿಯದವನ ಅವಿವೇಕವನ್ನಲ್ಲ. ಹಾಸ್ಯಗಾರನಿಗೂ ಹೊಣೆಯುಂಟು. ಬಲಿಷ್ಠನ ದರ್ಪವನ್ನು ನಗುವುದು ಬೇರೆ, ನಿಶ್ಶಸ್ತ್ರನ ಶ್ರದ್ಧೆಯನ್ನು ನೋಯಿಸುವುದು ಬೇರೆ. ಅದು ತಪ್ಪೆಂದು ಹೇಳುವ, ಬರೆಯುವ, ಆ ಸಭೆಯಿಂದ ಎದ್ದುಬರುವ ಹಕ್ಕು ನಮಗೂ ಇದೆ.

ಶ್ರಾವಕ ಬಂಧುಗಳೇ, ಹಾಸ್ಯವು ಆಡಿದವನ ನೋಕಷಾಯವಾದರೆ, ಕ್ರೋಧವು ಕೇಳಿದವನ ಕಷಾಯ. ಇವೆರಡರಲ್ಲಿ ನಮ್ಮ ಕೈಯಲ್ಲಿರುವುದು ಎರಡನೆಯದು ಮಾತ್ರ. ದಶಲಕ್ಷಣ ಪರ್ವವು ಉತ್ತಮ ಕ್ಷಮೆಯಿಂದಲೇ ಆರಂಭವಾಗುವುದನ್ನು ನೆನೆಯೋಣ. ದುರ್ಗದಬೈಲಿನಲ್ಲಿ ಗೆಳೆಯನು ನಕ್ಕಾಗ ನಮ್ಮ ಹುಡುಗನು ತಾನೂ ನಕ್ಕು, “ಹೌದೋ, ಬೀಗ ಬೀಳತೈತಿ, ಕೀಲಿ ಮಾತ್ರ ನನ್ನ ಕಡೇನ ಐತಿ” ಎನ್ನಬಲ್ಲವನಾದರೆ, ಅವನ ವ್ರತಕ್ಕೆ ಬೇರೆ ಕಾವಲು ಬೇಡ.