ಫೋನಿನ ಅಧಿಕ ಮಾಸ

ಯುಗಾದಿಗೆ ಮುಂಚಿನ ವಾರಗಳಲ್ಲಿ ಅವೆನ್ಯೂ ರಸ್ತೆಗೆ ಹೋದರೆ ಪುಸ್ತಕದ ಅಂಗಡಿಗಳ ಮುಂದೆ ಹೊಸ ಪಂಚಾಂಗದ ಕಟ್ಟುಗಳು ಕಾಣುತ್ತವೆ. ಮೈಸೂರು ಬ್ಯಾಂಕ್ ವೃತ್ತದಿಂದ ಕೃಷ್ಣರಾಜ ಮಾರುಕಟ್ಟೆಯವರೆಗಿನ ಈ ರಸ್ತೆ ಹಿಂದಿನವರ ಬಾಯಲ್ಲಿ ದೊಡ್ಡಪೇಟೆ. ಲಗ್ನಪತ್ರಿಕೆ, ಲೆಕ್ಕದ ಪುಸ್ತಕ, ಮಕ್ಕಳ ಹಳೆಯ ಪಠ್ಯ, ಬೆಳ್ಳಿ ಸಾಮಾನು, ಏನು ಬೇಕೋ ಅದಕ್ಕೊಂದು ಅಂಗಡಿ. ಇವುಗಳ ಸಂದಿಯಲ್ಲಿ, ಒಬ್ಬರು ಕೂತರೆ ಇನ್ನೊಬ್ಬರು ಹೊರಗೇ ನಿಲ್ಲಬೇಕಾದಷ್ಟು ಜಾಗದಲ್ಲಿ, ಮೊಬೈಲ್ ರೀಚಾರ್ಜ್ ಮಾಡಿಕೊಡುವವರೂ ಇದ್ದಾರೆ. ಎಲ್ಲವನ್ನೂ ಫೋನಿನಲ್ಲೇ ಮಾಡಿಕೊಳ್ಳುವ ಈ ಕಾಲದಲ್ಲೂ ಅಲ್ಲಿ ಜನ ನಿಲ್ಲುವುದಕ್ಕೆ ಕಾರಣವಿದೆ. ಕೇಳಿದ್ದಕ್ಕೆ ತಿರುಗಿ ಉತ್ತರ ಹೇಳುವ ಮನುಷ್ಯನೊಬ್ಬ ಅಲ್ಲಿರುತ್ತಾನೆ.

"ನೆಟ್ ಬೇಕಾಮ್ಮ, ಬರೀ ಮಾತಾಡೋಕಾ?" ಎಂದು ಕೇಳುತ್ತಿದ್ದ ಅಂಥ ಒಬ್ಬ ಹುಡುಗ. ಎದುರು ನಿಂತಿದ್ದಾಕೆಗೆ ಎಪ್ಪತ್ತು ದಾಟಿರಬೇಕು. ಬಟ್ಟೆಯ ಚೀಲದೊಳಗೆ ಪರ್ಸು, ಪರ್ಸಿನೊಳಗೆ ನಂಬರು ಬರೆದ ಚೀಟಿ. "ನೆಟ್ಟು ಗಿಟ್ಟು ಬೇಡಪ್ಪ. ಮಗಳು ಫೋನ್ ಮಾಡಿದ್ರೆ ಬರ್ಬೇಕು, ಅಷ್ಟೆ. ಒಂದು ತಿಂಗಳಿಗೆ ಹಾಕು." ಹುಡುಗ ಪ್ರಾಮಾಣಿಕ. "ತಿಂಗಳು ಅಂದ್ರೆ ಇಪ್ಪತ್ತೆಂಟು ದಿನ ಅಮ್ಮ," ಎಂದ. ಆಕೆ ಅವನನ್ನೇ ನೋಡಿ, "ಅದ್ಯಾವ ಸೀಮೆ ತಿಂಗಳೋ?" ಎಂದರು.

ನ್ಯಾಯವಾದ ಪ್ರಶ್ನೆ. ನಮ್ಮ ಪಂಚಾಂಗದಲ್ಲಿ ಅಧಿಕ ಮಾಸ ಬರುವುದು ಮೂವತ್ತೆರಡು, ಮೂವತ್ತಮೂರು ತಿಂಗಳಿಗೊಮ್ಮೆ. 2023ರಲ್ಲಿ ಶ್ರಾವಣ ಎರಡಾಯಿತು, 2026ಕ್ಕೆ ಜ್ಯೇಷ್ಠದ ಸರದಿ. ಫೋನಿನ ಪಂಚಾಂಗದಲ್ಲಿ ಮಾತ್ರ ವರ್ಷವರ್ಷವೂ ಅಧಿಕ ಮಾಸ. 28 ದಿನದ ಲೆಕ್ಕದಲ್ಲಿ ವರ್ಷಕ್ಕೆ 13 ತಿಂಗಳು, 364 ದಿನ. ಸಂಬಳ ಬರುವುದು 12 ಸಲ, ಬಾಡಿಗೆ ಕೊಡುವುದು 12 ಸಲ, ರೀಚಾರ್ಜ್ ಮಾತ್ರ 13 ಸಲ. ನಿಜವಾದ ಅಧಿಕ ಮಾಸದಲ್ಲಾದರೆ ಮೂವತ್ತಮೂರು ಅಪೂಪ ದಾನ ಕೊಟ್ಟ ಪುಣ್ಯವಾದರೂ ಸಿಗುತ್ತದೆ! ಗ್ರಾಹಕರ ಈ ದೂರು ಕೇಳಿಯೇ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2022ರ ಜನವರಿಯಲ್ಲಿ ಒಂದು ಆದೇಶ ಹೊರಡಿಸಿತು. ಪ್ರತಿ ಕಂಪನಿಯೂ ಪೂರ್ತಿ 30 ದಿನದ ಪ್ಲಾನ್ ಒಂದನ್ನು, ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಣವಾಗುವ ಪ್ಲಾನ್ ಇನ್ನೊಂದನ್ನು ಇಟ್ಟಿರಲೇಬೇಕು ಎಂದಿತು. ನಾವು ಬಾಯಿಬಿಟ್ಟು ಕೇಳಬೇಕು, ಅಷ್ಟೆ.

ಆದ್ದರಿಂದ ಪ್ಲಾನ್ ಆರಿಸುವಾಗ ಅದರ ಬೆಲೆ ನೋಡಿ ಪ್ರಯೋಜನವಿಲ್ಲ, ದಿನಕ್ಕೆ ಎಷ್ಟು ಬಿತ್ತು ಎಂದು ನೋಡಬೇಕು. ಡೇಟಾ ಬೇಡದವರಿಗೆ ಬರೀ ಮಾತು ಮತ್ತು ಎಸ್ಎಂಎಸ್ಸಿನ ಪ್ಲಾನ್ ಕೊಡಲೇಬೇಕೆಂದು 2024ರ ಡಿಸೆಂಬರಿನಲ್ಲಿ ಟ್ರಾಯ್ ನಿಯಮ ಮಾಡಿತು. ಅದರಂತೆ 2025ರ ಜನವರಿಯಲ್ಲಿ ಏರ್‌ಟೆಲ್ 365 ದಿನಕ್ಕೆ 1,849 ರೂಪಾಯಿಯ ಪ್ಲಾನ್ ತಂದಿತು, ಜಿಯೋ 1,748 ರೂಪಾಯಿಯದನ್ನು ತಂದಿತು. ನೂರು ರೂಪಾಯಿ ಉಳಿಯಿತಲ್ಲ ಎಂದು ಕೈ ಎರಡನೆಯದಕ್ಕೇ ಹೋಗುತ್ತದೆ. ಆದರೆ ಅದರ ಅವಧಿ 336 ದಿನ, ಹನ್ನೆರಡು ಇಪ್ಪತ್ತೆಂಟು. ಭಾಗಿಸಿ ನೋಡಿದರೆ ಮೊದಲನೆಯದು ದಿನಕ್ಕೆ 5 ರೂಪಾಯಿ 7 ಪೈಸೆ, ಎರಡನೆಯದು 5 ರೂಪಾಯಿ 20 ಪೈಸೆ. ವ್ಯತ್ಯಾಸ ಪೈಸೆಗಳದ್ದೇ ಇರಬಹುದು. ಅಗ್ಗವೆಂದು ಕಂಡದ್ದು ಅಗ್ಗವಲ್ಲ ಎಂಬುದು ಗೊತ್ತಿದ್ದರೆ ಒಳ್ಳೆಯದು. ಇವು ಆಗಿನ ದರಗಳು. ದರ ಬದಲಾದರೂ ಭಾಗಾಕಾರ ಬದಲಾಗುವುದಿಲ್ಲ.

ಮನೆಯೊಳಗಿನ ಲೆಕ್ಕ ಬೇರೆಯೇ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಎಷ್ಟೋ ಮನೆಗಳಲ್ಲಿ ಈಗ ವೈ-ಫೈ ಇದೆ. ಅದರ ಬಿಲ್ಲನ್ನೂ ಕಟ್ಟುತ್ತೇವೆ, ಜೊತೆಗೆ ಮನೆಯ ನಾಲ್ಕೂ ಫೋನಿಗೆ ದಿನಕ್ಕೆ 2 ಜಿಬಿಯ ಪ್ಲಾನ್ ಹಾಕಿಸುತ್ತೇವೆ. ದಿನದ ಲೆಕ್ಕದಲ್ಲಿ ಕೊಡುವ ಆ ಡೇಟಾ ರಾತ್ರಿ ಹನ್ನೆರಡಕ್ಕೆ ಮುಗಿದುಹೋಗುತ್ತದೆ, ನಾಳೆಗೆ ಉಳಿಯುವುದಿಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕಳೆದ ತಿಂಗಳು ಮೊಬೈಲ್ ಡೇಟಾ ಎಷ್ಟು ಖರ್ಚಾಯಿತು ಎಂಬ ಲೆಕ್ಕ ಇರುತ್ತದೆ. ಒಮ್ಮೆ ನೋಡಿ, ಮನೆಯಲ್ಲೇ ಇರುವವರ ಫೋನಿನಲ್ಲಿ ಆ ಅಂಕಿ ಎಷ್ಟು ಚಿಕ್ಕದೆಂದು ಆಶ್ಚರ್ಯವಾದೀತು. ಹಾಗೆಂದು ಕೇಳದೆ ಕತ್ತರಿಸಿಬಿಡಬಾರದು. "ಅಮ್ಮನಿಗೆ ಡೇಟಾ ಯಾಕೆ" ಎಂದು ಮಗ ತೀರ್ಮಾನಿಸಿದ ಮೇಲೆ, ಅಮ್ಮ ಸಂಜೆ ರಾಯರ ಮಠದ ಕಟ್ಟೆಯ ಮೇಲೆ ಕೂತು ಮೆಲ್ಬರ್ನ್‌ನ ಮೊಮ್ಮಗಳ ಮುಖ ನೋಡುತ್ತಿದ್ದರು ಎಂಬುದು ಗೊತ್ತಾಗುವುದುಂಟು. ಮಿತವ್ಯಯ ನಮ್ಮ ಖರ್ಚಿನಿಂದ ಶುರುವಾದರೆ ಮರ್ಯಾದೆ.

ಇನ್ನು ಪ್ರಯಾಣ. ಅತ್ತಿಬೆಲೆ ದಾಟಿ ಹೊಸೂರು ಮುಟ್ಟುತ್ತಲೇ ಫೋನ್ ಕುಯ್ಯೆಂದು "ತಮಿಳುನಾಡಿಗೆ ಸ್ವಾಗತ" ಎಂದಾಗ ಎದೆ ಧಸಕ್ಕೆನ್ನುತ್ತಿದ್ದ ದಿನಗಳು ನೆನಪಿರಬಹುದು. ಬಂದ ಕರೆ ಎತ್ತಿದರೂ ದುಡ್ಡು. ಮಂಗಳೂರಿಗೂ ಕಾಸರಗೋಡಿಗೂ ನಡುವೆ ನೆಂಟಸ್ತನವಿದ್ದವರಿಗೆ ತಲಪಾಡಿ ಗೇಟೇ ಗಡಿ. ಆಚೆಗೆ ಹೋದವರಿಗೆ ಮಿಸ್ಡ್ ಕಾಲ್ ಭಾಷೆಯೇ ಗತಿ. ಊರಲ್ಲಿದ್ದಾಗಲೂ ಬಂದ ಕರೆಗೆ ದುಡ್ಡು ಕೊಡುವ ಪದ್ಧತಿ ನಿಂತಿದ್ದು 2003ರ ಮೇ ತಿಂಗಳಿನಿಂದ. ಬೇರೆ ರಾಜ್ಯದಲ್ಲಿ ಬರುವ ಕರೆಯನ್ನು ಬಿಎಸ್ಎನ್ಎಲ್ 2015ರ ಜೂನ್ 15ರಿಂದ ಉಚಿತ ಮಾಡಿತು, ಉಳಿದವರು ಆಮೇಲೆ ಅದೇ ದಾರಿಗೆ ಬಂದರು. ಈಗ ಮಂತ್ರಾಲಯ, ತಿರುಪತಿ, ಕಾಶಿಗೆ ಹೋಗುವವರು ರೋಮಿಂಗ್ ಪ್ಲಾನ್ ಎಂದು ಬೇರೆ ಹುಡುಕಬೇಕಾಗಿಲ್ಲ. ಎರಡು ಕಡೆ ಮಾತ್ರ ಎಚ್ಚರ ಬೇಕು. ವೈಷ್ಣೋದೇವಿ, ಅಮರನಾಥದ ಕಡೆ ಹೊರಟವರ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ನಡೆಯುವುದಿಲ್ಲ. ಭದ್ರತೆಯ ಕಾರಣಕ್ಕೆ ಅಲ್ಲಿ ಹೊರಗಿನವರ ಪೋಸ್ಟ್‌ಪೇಯ್ಡ್ ಮಾತ್ರ ಹಿಂದಿನಿಂದ ನಡೆದುಬಂದಿದೆ. ಹಾಗಾಗಿ ತಂಡದಲ್ಲಿ ಒಬ್ಬಿಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಇರಲಿ. ಪಶುಪತಿನಾಥ, ಮುಕ್ತಿನಾಥಕ್ಕೆ ಹೋಗುವವರು ನೇಪಾಳ ಪರದೇಶ ಎಂಬುದನ್ನು ಮರೆಯಬಾರದು. ದೇವರು ನಮ್ಮವನೇ ಆದರೂ ರೋಮಿಂಗ್ ದರ ವಿದೇಶದ್ದು.

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗುವ ತಂದೆತಾಯಿಗಳಿಗೆ ಇನ್ನೊಂದು ಮಾತು. ವಿಮಾನ ಹತ್ತುವ ಮೊದಲೇ ಡೇಟಾ ರೋಮಿಂಗ್ ಬಂದ್ ಮಾಡಿ. ಅಲ್ಲಿ ಅಲ್ಲಿಯ ಸಿಮ್ ಹಾಕಿಕೊಳ್ಳಿ. ಆದರೆ ಊರಿನ ಸಿಮ್ ಸಾಯಲು ಬಿಡಬೇಡಿ. ಬ್ಯಾಂಕಿನ ಓಟಿಪಿ, ಗ್ಯಾಸ್ ಬುಕಿಂಗು, ಆಧಾರ್ ಎಲ್ಲವೂ ಆ ನಂಬರಿಗೇ ಅಂಟಿಕೊಂಡಿರುತ್ತವೆ. ಅವಧಿ ತೀರಿ ರದ್ದಾದ ನಂಬರು ಕೆಲವು ತಿಂಗಳು ಕಳೆದ ಮೇಲೆ ಬೇರೆ ಯಾರದ್ದೋ ಆಗುತ್ತದೆ. ಆರು ತಿಂಗಳಿಗೆ ಹೋಗುವವರು ವರ್ಷದ ಪ್ಲಾನ್ ಹಾಕಿಸಿ ಹೋಗುವುದು ಜಾಣತನ. 999 ರೂಪಾಯಿ ಕೊಟ್ಟರೆ ಜೀವನಪರ್ಯಂತ ಕರೆ ಬರುತ್ತದೆಂದು 2005ರ ಕೊನೆಯಲ್ಲಿ ಬಂದ ಜಾಹೀರಾತನ್ನು ನಂಬಿ ಈಗಲೂ ಕೂತವರು ಯಾರೂ ಇರಲಾರರು. ಜೀವನಕ್ಕಿಂತ ಬೇಗ ಆ ಪ್ಲಾನೇ ಮುಗಿಯಿತು.

ಕಂಪನಿ ಬದಲಿಸಬೇಕೆನ್ನುವವರಿಗೆ ಅದೂ ಕಷ್ಟವಲ್ಲ. 1900ಕ್ಕೆ ಸಂದೇಶ ಕಳಿಸಿ ಪೋರ್ಟ್ ಕೋಡ್ ಪಡೆದರೆ ನಂಬರು ಹಾಗೇ ಉಳಿಯುತ್ತದೆ. ಹಳೆಯ ಪ್ಲಾನಿನಲ್ಲಿ ಉಳಿದ ದಿನಗಳು ಮಾತ್ರ ಹೋಗುತ್ತವೆ. 2024ರ ಜುಲೈಯಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದಾಗ ಲಕ್ಷಾಂತರ ಜನ ಹೀಗೆ ಬಿಎಸ್ಎನ್ಎಲ್‌ಗೆ ಹೋದರು. ಹೋಗುವ ಮೊದಲು ಆ ಕಂಪನಿಯ ಸಿಮ್ ಇರುವ ನೆರೆಯವರನ್ನು ಕಾಫಿಗೆ ಕರೆದು, ನಿಮ್ಮ ಅಡುಗೆಮನೆಯಲ್ಲಿ ನಿಲ್ಲಿಸಿ, ಅವರ ಫೋನಿಗೊಂದು ಕರೆ ಮಾಡಿ ನೋಡಿ. ಪೇಟೆಯ ಹಳೆಯ ಮನೆಗಳ ಗೋಡೆ ದಪ್ಪ.

ಈ ಲೆಕ್ಕವನ್ನೆಲ್ಲ ಮಾಡಿದ ಮೇಲೆ ಒಂದು ವಿಷಯ ಮನಸ್ಸಿಗೆ ಚುಚ್ಚುತ್ತದೆ. ದಿನದ ಲೆಕ್ಕದಲ್ಲಿ ಅಗ್ಗವಾಗುವುದು ಸಾಮಾನ್ಯವಾಗಿ ವರ್ಷದ ಪ್ಲಾನ್. ಅದನ್ನು ಕೊಳ್ಳಬಲ್ಲವರು ಯಾರು? ಒಂದೇ ಸಲಕ್ಕೆ ಸಾವಿರದೆಂಟುನೂರು ತೆಗೆದಿಡಬಲ್ಲ ನಾವು. ನಮ್ಮ ಮನೆಗೆ ಪಾತ್ರೆ ತಿಕ್ಕಲು ಬರುವ ಹೆಂಗಸು, ರಾತ್ರಿ ಕಾವಲಿಗೆ ಬರುವಾತ, ಇಸ್ತ್ರಿ ಗಾಡಿಯವರು ಇಪ್ಪತ್ತೆಂಟು ದಿನಕ್ಕೊಮ್ಮೆ ಸಣ್ಣ ನೋಟು ಕೂಡಿಸಿಕೊಂಡು ಹೋಗುತ್ತಾರೆ. ಅದೇ ಮಾತಿಗೆ ನಮಗಿಂತ ಹೆಚ್ಚು ಕೊಡುತ್ತಾರೆ. ಕೆಲವು ಸಲ ನೋಟು ಕೂಡುವುದಿಲ್ಲ, ಫೋನ್ ನಾಲ್ಕು ದಿನ ಸುಮ್ಮನಾಗುತ್ತದೆ. 2018ರ ಕೊನೆಯಿಂದ ಕಂಪನಿಗಳು ಕನಿಷ್ಠ ರೀಚಾರ್ಜ್ ಇಲ್ಲದೆ ಕರೆ ಬರುವುದನ್ನೂ ನಿಲ್ಲಿಸತೊಡಗಿದವು. ಆ ನಾಲ್ಕು ದಿನದಲ್ಲಿ ಹೊಸ ಮನೆಯವರು ಕೆಲಸಕ್ಕೆ ಕರೆದದ್ದು ಗೊತ್ತಾಗದೆ ಹೋಗಿರಬಹುದು, ಮಗುವಿನ ಶಾಲೆಯಿಂದ ಬಂದ ಕರೆ ತಲುಪದೆ ಹೋಗಿರಬಹುದು. ನಾವೋ, "ಇವಳ ಫೋನ್ ಯಾವಾಗಲೂ ಸ್ವಿಚ್ ಆಫ್" ಎಂದು ಗೊಣಗುತ್ತೇವೆ.

ಪರಿಹಾರ ದೊಡ್ಡದೇನಲ್ಲ. ನಮ್ಮ ಫೋನುಗಳ ಲೆಕ್ಕ ಹಾಕಿ ಉಳಿಸಿದ ಹಣದಲ್ಲಿ ಅವರ ಒಂದು ವರ್ಷದ ರೀಚಾರ್ಜ್ ಮುಂಗಡ ಕಟ್ಟಬಹುದು. ಹಬ್ಬದ ಇನಾಮೆಂದು ಕೊಡುವುದೋ, ತಿಂಗಳಿಗೆ ನೂರೈವತ್ತರಂತೆ ಬಡ್ಡಿಯಿಲ್ಲದೆ ತಿರುಗಿ ಪಡೆಯುವುದೋ ಅದು ಅವರವರ ಅನುಕೂಲ. ಡೇಟಾ ಬೇಕೋ ಬೇಡವೋ ಎಂದು ಮೊದಲು ಅವರನ್ನೇ ಕೇಳಿ. ಮಕ್ಕಳ ಓದಿಗೆ ಬೇಕು ಎಂದರೆ ಅದಕ್ಕೆ ತಕ್ಕ ಪ್ಲಾನ್ ನೋಡಿ. ಮುಂದಿನ ಸಲ ನಿಮ್ಮ ಫೋನಿಗೆ ರೀಚಾರ್ಜ್ ಮಾಡಿಸುವ ದಿನ ಅವರ ನಂಬರನ್ನೂ ಅಂಗಡಿಯವನಿಗೆ ಹೇಳಿ.