ಗಂಜಿಗೆ ಯಾವ ಉಪ್ಪಿನಕಾಯಿ?

ಮಯೂರ್ ವಿಹಾರ್ ಫೇಸ್ ಒಂದರಲ್ಲಿ ನಮ್ಮ ಮೇಲಿನ ಮಹಡಿಗೆ ಜಪಾನಿನ ಹುಡುಗಿಯೊಬ್ಬಳು ಬಂದಿದ್ದಾಳೆ. ಹಿಂದಿ ಕಲಿಯುವವಳು. ಕಳೆದ ಚಳಿಗಾಲದಲ್ಲಿ ಅವಳಿಗೆ ಜ್ವರ ಬಂದಾಗ ಗಂಜಿ ಮಾಡಿಕೊಂಡು ಹೋದೆ. ಜೊತೆಗೆ, ಸಾಗರದಿಂದ ಅಮ್ಮ ಕಳಿಸಿದ್ದ ಭರಣಿಯಿಂದ ನಾಲ್ಕು ಅಪ್ಪೆಮಿಡಿ. ಆ ನಾಲ್ಕನ್ನು ತೆಗೆಯುವಾಗ ಕೈ ಕೊಂಚ ತಡೆದದ್ದು ಸುಳ್ಳಲ್ಲ. ಅವಳು ಉಂಡಳು, ಚೆನ್ನಾಗಿದೆ ಅಂದಳು. ಆಮೇಲೆ ಮೆಲ್ಲಗೆ, "ದೀದಿ, ಇಲ್ಲಿ ಉಮೆಬೋಶಿ ಎಲ್ಲಿ ಸಿಗುತ್ತೆ?" ಎಂದು ಕೇಳಿದಳು.

ಉಮೆ ಎಂಬ ಹುಳಿಹಣ್ಣನ್ನು ಉಪ್ಪಿನಲ್ಲಿ ಹಾಕಿ, ಬಿಸಿಲಲ್ಲಿ ಒಣಗಿಸಿ ಇಟ್ಟದ್ದು ಉಮೆಬೋಶಿ. ಅವರಲ್ಲೂ ಹುಷಾರಿಲ್ಲದವರಿಗೆ ಒಕಾಯು ಎಂಬ ಅಕ್ಕಿಯ ಗಂಜಿ, ಅದರ ನಡುವೆ ಕೆಂಪಗೆ ಒಂದು ಉಮೆಬೋಶಿ. ಅಷ್ಟು ಹತ್ತಿರದ ಸಂಗತಿ! ನನಗೆ ಸಿಟ್ಟು ಬಂದದ್ದೂ ಅದಕ್ಕೇ. ಮಿಡಿ ಕೊಟ್ಟಮೇಲೂ ಇನ್ನೊಂದು ಉಪ್ಪಿನಕಾಯಿ ಬೇಕೆ? ಚಪಲ, ಅಂದುಕೊಂಡೆ.

ಆದರೂ ಅವಳು ಚೇತರಿಸಿಕೊಂಡಮೇಲೆ ಐಎನ್‌ಎ ಮಾರುಕಟ್ಟೆಗೆ ಕರೆದುಕೊಂಡು ಹೋದೆ. ಪಿಂಕ್ ಲೈನ್ ಹತ್ತಿದರೆ ಯಮುನೆ ದಾಟಿ ನೇರ ಅಲ್ಲಿಗೇ. (ದಿಲ್ಲಿ ಮೆಟ್ರೋಗೆ ಸಾಲ ಕೊಟ್ಟದ್ದು ಜಪಾನ್. ಐಎನ್‌ಎ ಅಂದರೆ ನೆನಪಾಗುವುದು 1942ರಲ್ಲಿ ಜಪಾನಿನ ಬೆಂಬಲದಿಂದ ಹುಟ್ಟಿದ ಆಜಾದ್ ಹಿಂದ್ ಫೌಜು. ಇಷ್ಟು ನಂಟಿದ್ದೂ ಒಂದು ಉಪ್ಪಿನಕಾಯಿಗೆ ಈ ಪರದಾಟ.) ಮೀನಿನ ವಾಸನೆ, ಕೇರಳದ ಬಾಳೆಕಾಯಿ ಚಿಪ್ಸ್, ಅಲ್ಲೇ ವಿದೇಶಿ ಸಾಮಾನಿನ ಅಂಗಡಿಗಳು: ನೋರಿ ಹಾಳೆ, ಮಿಸೊ, ಕಿಕ್ಕೋಮನ್ ಸೋಯಾ ಸಾಸ್. ಮೂರನೆಯ ಅಂಗಡಿಯಲ್ಲಿ ಉಮೆಬೋಶಿ ಸಿಕ್ಕಿತು. ಬೆಲೆ ಕೇಳಿ ನನ್ನ ತೀರ್ಪು ಇನ್ನಷ್ಟು ಗಟ್ಟಿಯಾಯಿತು. ಅವಳು ಮಾತ್ರ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

ವಾಪಸು ಬರುವಾಗ ಆ ಕೈಗಳನ್ನೇ ನೋಡುತ್ತ ಕೂತೆ. ಬೆಲೆ ನೋಡಿ ಚಪಲ ಅನ್ನುವುದು ಎಷ್ಟು ಸರಿ? ನಮ್ಮ ಬಡಾವಣೆಯಲ್ಲಿ ಮಲಯಾಳಿಗಳು ಬಹಳ. ಹಾಗಾಗಿ ಗುರುವಾಯೂರಪ್ಪನ ಗುಡಿಯೂ ಇದೆ, ಮಟ್ಟ ಅಕ್ಕಿಯೂ ಸಿಗುತ್ತದೆ. ಅದನ್ನು ಯಾರೂ ಚಪಲ ಅನ್ನುವುದಿಲ್ಲ, ಅದು ದಿನಸಿ. ಮಂದಿ ಹೆಚ್ಚಿದ್ದರೆ ಹಂಬಲ ದಿನಸಿಯಾಗುತ್ತದೆ, ಒಬ್ಬಳೇ ಇದ್ದರೆ ಶೋಕಿಯಾಗುತ್ತದೆ. ಇನ್ನು ನನ್ನ ಮಿಡಿಗೆ ಬೆಲೆಯ ಚೀಟಿಯೇ ಇಲ್ಲ. ಮರ ಹತ್ತಿ ಕೊಯ್ದವನ ಕೂಲಿ, ದಿನಗಟ್ಟಲೆ ಉಪ್ಪಿನಲ್ಲಿಟ್ಟು ಕಾದ ಅಮ್ಮನ ಕೆಲಸ, ಭರಣಿಯನ್ನು ರೈಲಿನಲ್ಲಿ ಕಾಲಸಂದಿಯಲ್ಲಿಟ್ಟುಕೊಂಡು ತಂದ ನೆಂಟರ ಉಪಕಾರ, ಎಲ್ಲ ಸೇರಿಸಿದರೆ ಅದೇನು ಅಗ್ಗವೇ? ಆಫೀಸಿನಲ್ಲಿ ಸಾಸಿವೆ ಎಣ್ಣೆಯ ಅಚಾರ್ ಮುಂದಿಟ್ಟು "ಇದೂ ಮಾವಿನಕಾಯಿಯೇ ಅಲ್ವಾ" ಅಂದವರ ಮೇಲೆ ನಾನು ಇಡೀ ಮಧ್ಯಾಹ್ನ ಮುನಿಸಿಕೊಂಡಿದ್ದೆ. ನೀವೂ ಮುನಿಸಿಕೊಂಡಿರುತ್ತೀರಿ.

ಹಾಗಂತ ಹಂಬಲವೆಲ್ಲ ಒಂದೇ ಅನ್ನಲೂ ಮನಸ್ಸೊಪ್ಪದು. ಅವತ್ತು ಆ ಅಂಗಡಿಯಲ್ಲಿ ಫೋಟೋದಲ್ಲಿ ಚೆಂದ ಕಾಣುತ್ತದೆಂದು ನಾನೂ ಒಂದು ಕಟ್ಟು ನೋರಿ ಕೊಂಡೆ. ಅದರ ಬೆಲೆಯನ್ನು ಎರಡನೇ ಸಲ ಕೇಳಲಿಲ್ಲ. ಅದು ಇನ್ನೂ ಡಬ್ಬಿಯಲ್ಲಿ ಮೆತ್ತಗಾಗುತ್ತ ಬಿದ್ದಿದೆ.

ಸಂಜೆ ಅವಳು ಪುಟ್ಟ ಬಟ್ಟಲಲ್ಲಿ ಒಂದು ಉಮೆಬೋಶಿ ತಂದುಕೊಟ್ಟಳು. ಡಬ್ಬಿಯಲ್ಲಿ ಇದ್ದದ್ದೇ ಹತ್ತೋ ಹನ್ನೆರಡೋ. ಬಾಯಿಗಿಟ್ಟೆ. ಉಪ್ಪು, ಹುಳಿ ಎರಡೂ ನೆತ್ತಿಗೇರಿ ಕಣ್ಣಲ್ಲಿ ನೀರು ಬಂತು. ಸೊನೆಯ ಘಮ ಮಾತ್ರ ಇರಲಿಲ್ಲ.

"ಚೆನ್ನಾಗಿದೆ," ಅಂದೆ. ಅವಳು ನಕ್ಕುಬಿಟ್ಟಳು.