ಅಂಗಳದ ಬೆಂಕಿಯ ಬಳಿ

ಹೊನ್ನವಳ್ಳಿಯ ತೋಟಗಳಲ್ಲಿ ಎತ್ತರವಾದ ತೆಂಗಿನ ಮರವನ್ನು ಅಂಜದೆ ಏರುವವನನ್ನು ಧೈರ್ಯಶಾಲಿಯೆನ್ನುತ್ತೇವೆ. ಅದೇ ಮನುಷ್ಯನು ತಿಪಟೂರಿನ ಮಾರುಕಟ್ಟೆಯಲ್ಲಿ, ತನ್ನ ಮೂಟೆಯ ಅಡಿಯಲ್ಲಿ ಕೌಟು ಹಿಡಿದ ಕೊಬ್ಬರಿಯೂ ಸೇರಿದೆಯೆಂದು ಹೇಳಲಾರದೆ ಸುಮ್ಮನಿರುವದುಂಟು. ಕಾಯಿಗಳನ್ನು ಅನೇಕ ತಿಂಗಳು ಅಟ್ಟದಲ್ಲಿಟ್ಟು, ಒಳಗಿನ ನೀರು ಇಂಗುವ ತನಕ ಕಾದವನಿಗೆ ವರುಷದ ಸಾಲವು ಆ ಒಂದು ದಿನದ ಕ್ರಯದಿಂದಲೇ ತೀರಬೇಕು. ಆತನ ಭಯವು ಹುಸಿಯಲ್ಲ.

ಪೇತ್ರನನ್ನು ನೆನೆಯಿರಿ. ಗೆತ್ಸೇಮನೆಯಲ್ಲಿ ಆಯುಧ ಹಿಡಿದು ಬಂದವರೆದುರಿಗೆ ಕತ್ತಿಯನ್ನು ಹಿರಿದ ಅವನು, ಅದೇ ರಾತ್ರಿ ಅಂಗಳದ ಬೆಂಕಿಯ ಬಳಿ ಒಬ್ಬ ದಾಸಿಯ ಮಾತಿಗೆ ಹೆದರಿ ಕರ್ತನನ್ನು ಅರಿಯೆನೆಂದನು. ಕರ್ತನೂ ಆ ತೋಟದಲ್ಲಿ ವ್ಯಾಕುಲಪಟ್ಟನು. ಆದರೆ ತನ್ನ ವ್ಯಾಕುಲವನ್ನು ಅಡಗಿಸದೆ ತಂದೆಯ ಮುಂದೆ ಇಟ್ಟನು. ಪೇತ್ರನಾದರೋ ಆ ಹೊತ್ತಿನಲ್ಲಿ ನಿದ್ರಿಸುತ್ತಿದ್ದನು.

1844ರಲ್ಲಿ ಮಂಗಳೂರಿನ ಬ್ರಾಹ್ಮಣ ಯುವಕರಾದ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ಹೊಂದಿದಾಗ ಊರು ಕ್ಷೋಭೆಗೊಂಡಿತು. ಆ ದಿನದ ಧೈರ್ಯವನ್ನು ನಾವು ಕೊಂಡಾಡುತ್ತೇವೆ. ನನಗಾದರೋ 1851ರ ತರುವಾಯದ ವರುಷಗಳೇ ದೊಡ್ಡವಾಗಿ ತೋರುತ್ತವೆ. ಬಾಸೆಲಿನಲ್ಲಿ ಕಲಿತು ಬೋಧಕರಾದ ಅವರು ಅದೇ ಊರಿಗೆ ಹಿಂದಿರುಗಿ, ಅದೇ ಜನರ ಕಣ್ಣೆದುರಿನಲ್ಲಿ ದಿನದಿನವೂ ನಡೆದಾಡಿ, ಉಪದೇಶಕರಾಗುವವರಿಗೆ ಪಾಠ ಹೇಳಿದರು.

ಆ ಕೊಬ್ಬರಿಯವನೂ ಮಾರುಕಟ್ಟೆಯ ಮುಂಚಿನ ರಾತ್ರಿ ಮೊಣಕಾಲೂರಿ ತನ್ನ ಸಾಲವನ್ನೂ ಭಯವನ್ನೂ ದೇವರಿಗೆ ಹೇಳಲಿ. ಬಳಿಕ ಕೌಟು ಹಿಡಿದುದನ್ನು ಬೇರೆ ಚೀಲಕ್ಕೆ ತುಂಬಲಿ. ಕ್ರಯವು ಕಡಿಮೆಯೇ ಬಂದೀತು. ಸಾಲ ಕೊಟ್ಟವನ ಬಾಗಿಲಿಗೆ ಹೋಗಿ ಇನ್ನೊಂದು ವಾಯಿದೆ ಕೇಳಬೇಕಾದೀತು.